ಗುಂಪಿನೊಳಗೆ ಸರಕು: ಎರಡನೆಯ ಬಾಟಲಿಯ ಪ್ರಶ್ನೆ

(ಶಿವಮೊಗ್ಗದಲ್ಲಿ ಸ್ವಸಹಾಯ ಸಂಘಗಳ ಸದಸ್ಯರು, ಸಣ್ಣ ಉದ್ದಿಮೆದಾರರು ಮತ್ತು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನು ಕಳೆದು, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ವಿಷಯದ ಎಲ್ಲೆಯನ್ನು ಮೊದಲೇ ಗುರುತಿಸಿಬಿಡುತ್ತೇನೆ. ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಹಣ ಕಟ್ಟಿ ಜಾಹೀರಾತು ಹಾಕಿಸುವುದರ ಬಗ್ಗೆ ನಾನು ಇಂದು ಮಾತನಾಡುವುದಿಲ್ಲ. ಅಮೆಜಾನ್‌ನಂಥ ಮಳಿಗೆಯಲ್ಲಿ ಹೆಸರು ನೋಂದಾಯಿಸುವ ಬಗ್ಗೆಯೂ ಇಲ್ಲ. ಬೇರೆ ಯಾವುದೋ ಕಾರಣಕ್ಕೆ ಜನರು ತಾವಾಗಿ ಕಟ್ಟಿಕೊಂಡ ಆನ್‌ಲೈನ್ ಗುಂಪುಗಳಿವೆಯಲ್ಲ, ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪು, ಹೈಸ್ಕೂಲು ಸಹಪಾಠಿಗಳ ಗುಂಪು, ಬೆಂಗಳೂರಿನಲ್ಲಿರುವ ಮಲೆನಾಡಿಗರ ಗುಂಪು, ಅಡುಗೆಯ ಫೇಸ್‌ಬುಕ್ ಗುಂಪು, ಅಪಾರ್ಟ್‌ಮೆಂಟಿನ ನಿವಾಸಿಗಳ ಗುಂಪು, ಇವುಗಳೊಳಗೆ ನಮ್ಮ ಹಪ್ಪಳ, ಉಪ್ಪಿನಕಾಯಿ, ಜೇನು, ಕಾಳುಮೆಣಸು, ಕೈಮಗ್ಗದ ಬಟ್ಟೆಗಳನ್ನು ಮಾರಲು ಹೊರಟಾಗ ಎದುರಾಗುವ ತೊಡಕುಗಳೇ ಇಂದಿನ ವಿಷಯ.

ಈ ದಾರಿ ಬಿಟ್ಟಿಯಾಗಿ ಸಿಗುತ್ತದೆ. ಬಾಡಿಗೆಯಿಲ್ಲ, ಠೇವಣಿಯಿಲ್ಲ, ದಲ್ಲಾಳಿಯಿಲ್ಲ. ಒಂದು ಫೋಟೊ ತೆಗೆದು, ಎರಡು ಸಾಲು ಬರೆದು, ಹತ್ತು ಗುಂಪುಗಳಿಗೆ ಕಳಿಸಿದರೆ ಸಾವಿರಾರು ಜನರನ್ನು ತಲುಪಿದಂತಾಯಿತು ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ 1,024 ಜನರವರೆಗೆ ಇರಬಹುದು. ಲೆಕ್ಕ ತಪ್ಪೇನೂ ಅಲ್ಲ. ಆದರೆ ಆ ಸಾವಿರ ಜನರನ್ನು ಒಂದೆಡೆ ಸೇರಿಸಿದ್ದು ನಾವಲ್ಲ, ಅವರು ಸೇರಿದ್ದು ನಮ್ಮ ಹಪ್ಪಳಕ್ಕಾಗಿಯೂ ಅಲ್ಲ. ನಮ್ಮದಲ್ಲದ ಯಾವುದನ್ನು ನಾವು ಖರ್ಚು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳದೆ ಮುಂದೆ ಹೋಗಲು ಬರುವುದಿಲ್ಲ.

ಹಳೆಯ ಒಂದು ಪ್ರಸಂಗದಿಂದ ಇದನ್ನು ನೋಡೋಣ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಅವರು ಯೂಸ್‌ನೆಟ್ ಎಂಬ ಚರ್ಚಾ ಜಾಲದ ಐದು ಸಾವಿರಕ್ಕೂ ಹೆಚ್ಚು ಗುಂಪುಗಳಿಗೆ ಒಂದೇ ಜಾಹೀರಾತನ್ನು ಹಾಕಿದರು. ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಯನ್ನು ಚೀಟಿ ಎತ್ತಿ ಕೊಡುವ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಲು ಶುಲ್ಕ ಪಡೆದು ನೆರವಾಗುತ್ತೇವೆ ಎಂಬುದು ಅದರ ಸಾರ. ಆ ಅರ್ಜಿಗೆ ವಕೀಲರ ಅಗತ್ಯವೇ ಇರಲಿಲ್ಲ ಎಂಬುದು ಬೇರೆ ಮಾತು. ಗಣಿತದ ಬಗ್ಗೆ ಚರ್ಚಿಸುವವರಿಗೂ ಸಂಗೀತದ ಬಗ್ಗೆ ಚರ್ಚಿಸುವವರಿಗೂ ಅದೇ ಪ್ರಕಟಣೆ ಹೋಯಿತು. ಸಿಟ್ಟಿಗೆದ್ದ ಸದಸ್ಯರು ಕಳಿಸಿದ ದೂರಿನ ಪತ್ರಗಳ ಭಾರಕ್ಕೆ ಅವರಿಗೆ ಅಂತರ್ಜಾಲ ಸಂಪರ್ಕ ಕೊಟ್ಟಿದ್ದ ಸಂಸ್ಥೆಯ ಯಂತ್ರಗಳೇ ಕುಸಿದು, ಆ ಸಂಸ್ಥೆ ಸಂಪರ್ಕವನ್ನು ಕಡಿದು ಹಾಕಿತು. ಇಷ್ಟಾದರೂ ತಮಗೆ ಲಾಭವೇ ಆಯಿತೆಂದು ದಂಪತಿ ಹೇಳಿಕೊಂಡರು. ಅವರ ಮಾತು ನಿಜವೆಂದೇ ಇಟ್ಟುಕೊಳ್ಳೋಣ, ಏಕೆಂದರೆ ನಮ್ಮ ವಿಷಯದ ಗಂಟು ಇರುವುದೇ ಅಲ್ಲಿ: ಮಾರಿದವರಿಗೆ ಲಾಭವಾಯಿತು, ಗುಂಪುಗಳಿಗೆ ನಷ್ಟವಾಯಿತು, ಆ ನಷ್ಟದಲ್ಲಿ ಒಂದು ಪೈಸೆಯೂ ಮಾರಿದವರ ಖಾತೆಗೆ ಬೀಳಲಿಲ್ಲ.

ಮಲೆನಾಡಿನವರಿಗೆ ಇದು ಹೊಸ ಸಮಸ್ಯೆಯಲ್ಲ. ಅಡಿಕೆ ತೋಟದ ಗೊಬ್ಬರಕ್ಕೆ ಊರವರು ಒಟ್ಟಾಗಿ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ ಇರುವ ಊರುಗಳಲ್ಲಿ ಬೆಳೆದವರಿಗೆ ಗೊತ್ತು: ಒಂದು ಮನೆಯವರು ತಮ್ಮ ಪಾಲಿಗಿಂತ ಎರಡು ಹೊರೆ ಹೆಚ್ಚು ಸೊಪ್ಪು ಕಡಿದರೆ ಆ ವರ್ಷ ಅವರ ತೋಟ ಚೆನ್ನಾಗಿರುತ್ತದೆ, ಎಲ್ಲರೂ ಹಾಗೆಯೇ ಮಾಡಿದರೆ ಕೆಲವು ವರ್ಷಗಳಲ್ಲಿ ಬೆಟ್ಟ ಬೋಳಾಗಿ, ಹೆಚ್ಚು ಕಡಿದವರೂ ಕಡಿಯದವರೂ ಒಟ್ಟಿಗೆ ಸೊಪ್ಪಿಲ್ಲದೆ ಕೂರಬೇಕಾಗುತ್ತದೆ. ಗುಂಪಿನ ಸದಸ್ಯರು ಒಂದು ಸಂದೇಶವನ್ನು ತೆರೆದು ಓದುವಷ್ಟು ಇಟ್ಟಿರುವ ನಂಬಿಕೆ ಆ ಬೆಟ್ಟದ ಸೊಪ್ಪಿನಂಥದು. ಪ್ರತಿಯೊಂದು ಮಾರಾಟದ ಸಂದೇಶವೂ ಅದರಲ್ಲಿ ಒಂದು ಹಿಡಿ ಕಡಿಯುತ್ತದೆ. ದಿನಕ್ಕೆ ಹದಿನೈದು ಜಾಹೀರಾತು ಬೀಳುವ ಗುಂಪನ್ನು ಜನ ಬಿಟ್ಟು ಹೋಗುವುದಿಲ್ಲ; ಬಿಟ್ಟರೆ ಯಾರು ಬಿಟ್ಟರೆಂದು ತಿಳಿಯುತ್ತದೆ ಎಂಬ ಸಂಕೋಚದಿಂದ ಮ್ಯೂಟ್ ಮಾಡುತ್ತಾರೆ. ಮೇಲ್ನೋಟಕ್ಕೆ 800 ಜನರಿರುವ ಗುಂಪು ಒಳಗೆ ಖಾಲಿಯಾಗಿರುತ್ತದೆ. ಅಡಿಕೆಯ ಕೊಳೆರೋಗದ ಮುನ್ಸೂಚನೆಯನ್ನೋ, ಊರಿನಲ್ಲಿ ಯಾರಿಗೋ ತುರ್ತಾಗಿ ರಕ್ತ ಬೇಕೆಂಬ ಸುದ್ದಿಯನ್ನೋ ಅದರಲ್ಲಿ ಹಾಕಿದಾಗಲೇ ಅದು ಖಾಲಿಯೆಂದು ಗೊತ್ತಾಗುವುದು.

ಸಾಮೂಹಿಕ ಆಸ್ತಿ ಹಾಳಾಗುವುದೇ ವಿಧಿ ಎಂಬ ವಾದವನ್ನು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಮುಂದಿಟ್ಟರು. ಕಾಡು, ನೀರಾವರಿ ಕಾಲುವೆ, ಮೀನುಗಾರಿಕೆಯ ನೆಲೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್, ಬಳಸುವವರೇ ಕೂತು ಕಟ್ಟುಪಾಡು ಮಾಡಿಕೊಂಡರೆ ಹಾಳಾಗಬೇಕಿಲ್ಲ ಎಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಳಕೆದಾರರು ಯಾರು ಎಂಬುದು ಖಚಿತವಾಗಿರಬೇಕು, ಎಷ್ಟು ಬಳಸಬಹುದು ಎಂಬುದು ಮೊದಲೇ ಗೊತ್ತಿರಬೇಕು, ನೋಡಿಕೊಳ್ಳುವವರು ತಮ್ಮೊಳಗಿನವರೇ ಆಗಿರಬೇಕು, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡದು: ಅವರು ಕಂಡ ಸೂತ್ರಗಳಲ್ಲಿ ಕೆಲವು ಇವು. ಗುಂಪಿನ ಅಡ್ಮಿನ್ ಆಗಿರುವವರು ಇವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ಈಗ ನಮ್ಮ ಊರಿನದೇ ಆದ ಒಂದು ತೊಡಕಿಗೆ ಬರುತ್ತೇನೆ. ಮಾರುಕಟ್ಟೆಯ ಪಾಠಗಳಲ್ಲಿ ಸಮುದಾಯವನ್ನು ಗಿರಾಕಿಗಳ ಸಮೂಹ ಎಂದು ಹೇಳಿಕೊಡುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಊರಿನ ಗುಂಪುಗಳಲ್ಲಿ ಈ ಮಾತು ತಲೆಕೆಳಗಾಗುತ್ತದೆ. ಅಲ್ಲಿರುವ ಪ್ರತಿ ಮನೆಯ ಅಟ್ಟದಲ್ಲೂ ಹಲಸಿನ ಹಪ್ಪಳದ ಡಬ್ಬಿಯಿದೆ, ಪ್ರತಿ ಮನೆಯ ಭರಣಿಯಲ್ಲೂ ಮಾವಿನ ಮಿಡಿಯ ಉಪ್ಪಿನಕಾಯಿ ಇದೆ, ಮುರುಗಲ ಸಿಪ್ಪೆ ಒಣಗಿದೆ. ಹೊಸನಗರದ ಗುಂಪಿನಲ್ಲಿ ಹಲಸಿನ ಹಪ್ಪಳ ಮಾರುವುದೆಂದರೆ ಹಪ್ಪಳ ಮಾಡಬಲ್ಲ ಐನೂರು ಜನರ ಮುಂದೆ ಅದನ್ನು ಪರೀಕ್ಷೆಗೆ ಒಡ್ಡಿದಂತೆ. ಕೊಳ್ಳುವವರು ಇರುವುದು ಊರು ಬಿಟ್ಟವರ ಗುಂಪುಗಳಲ್ಲಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೊರದೇಶದಲ್ಲಿ. ಆ ಗುಂಪುಗಳು ಕಟ್ಟಿಕೊಂಡದ್ದು ಊರಿನ ನೆನಪಿಗಾಗಿ. ನೆನಪಿಗೆ ಬೆಲೆ ಕಟ್ಟಿದಾಗ ಕೆಲವರು ಸಂತೋಷದಿಂದ ಕೊಡುತ್ತಾರೆ, ಕೆಲವರಿಗೆ ನೋವಾಗುತ್ತದೆ, ಮತ್ತು ಯಾರಿಗೆ ಯಾವುದಾಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ.

ಅಂಥ ಗುಂಪೊಂದರಲ್ಲಿ ಮಾರ್ಚಿ ತಿಂಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಹೊಸನಗರ ಕಡೆಯ ಹೆಣ್ಣುಮಗಳೊಬ್ಬಳು ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹೆಸರಾದ ಎಳೆಮಾವಿನ ಫೋಟೊ ಹಾಕುತ್ತಾಳೆ. ತೊಟ್ಟು ಸಹಿತ ಕೊಯ್ದ, ಸೊನೆ ಇನ್ನೂ ಹೊಳೆಯುವ, ಜೀರಿಗೆ ಪರಿಮಳದ ಮಿಡಿ. ಮೊದಲ ಹತ್ತು ನಿಮಿಷದಲ್ಲಿ ಹೃದಯದ ಚಿತ್ರಗಳು, "ಅಜ್ಜಿ ಮನೆ ನೆನಪಾಯ್ತು" ಎಂಬ ಮಾತುಗಳು. ಅನಂತ ಭಟ್ಟನ ಅಪ್ಪೆ ಎಂಬ ತಳಿ ಸಿಗುತ್ತದೆಯೇ ಎಂದು ಒಬ್ಬರು ವಿಚಾರಿಸುತ್ತಾರೆ. ಆಮೇಲೆ "ರೇಟ್ ಎಷ್ಟು ಅಕ್ಕ?" ಎಂದು ಒಬ್ಬ ಕೇಳುತ್ತಾನೆ. "ನಿಮ್ಮ ನಂಬರಿಗೆ ಕಳಿಸಿದೀನಿ ನೋಡಿ" ಎನ್ನುತ್ತಾಳೆ ಅವಳು. "ಎಲ್ಲರಿಗೂ ಕಾಣೋ ಹಾಗೆ ಹೇಳಬಹುದಲ್ಲ" ಎಂದು ಇನ್ನೊಬ್ಬರು. ಬೆಲೆ ಹೊರಗೆ ಬಂದ ಕೂಡಲೇ "ರಿಪ್ಪನ್‌ಪೇಟೆಯಲ್ಲಿ ನೂರು ಮಿಡಿಗೆ ಇದರ ಅರ್ಧವೂ ಇಲ್ಲ" ಎಂದು ಹದಿನೈದು ವರ್ಷದಿಂದ ರಿಪ್ಪನ್‌ಪೇಟೆಗೆ ಹೋಗದವರು ಬರೆಯುತ್ತಾರೆ. ಅಷ್ಟರಲ್ಲಿ ಅದೇ ತಾಲ್ಲೂಕಿನ ಮತ್ತಿಬ್ಬರು "ನಮ್ಮಲ್ಲೂ ಇದೆ" ಎಂದು ತಮ್ಮ ಫೋಟೊಗಳನ್ನು ಅವಳ ಫೋಟೊದ ಕೆಳಗೇ ಅಂಟಿಸುತ್ತಾರೆ. ಸಂಜೆಗೆ ಅಡ್ಮಿನ್ "ದಯವಿಟ್ಟು ಇಲ್ಲಿ ವ್ಯಾಪಾರ ಬೇಡ" ಎಂದು ಬರೆದು ಮುಗಿಸುತ್ತಾರೆ. ಆ ದಿನ ಅವಳಿಗೆ ಬಂದದ್ದು ನಾಲ್ಕೈದು ಗಿರಾಕಿಗಳಿರಬಹುದು.

ಇಲ್ಲಿ ಯಾರು ಕೆಟ್ಟವರು? ಯಾರೂ ಅಲ್ಲ. ಆದರೆ ಬೆಲೆಯನ್ನು ಖಾಸಗಿ ಸಂದೇಶಕ್ಕೆ ಸರಿಸಿದ ಕ್ಷಣದಲ್ಲಿ ಅವಳು ಗುಂಪಿನಿಂದ ಹೊರಗಿನವಳಾದಳು ಎಂದು ನನಗನ್ನಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬೆಲೆ ಇದ್ದೀತೆಂಬ ಅನುಮಾನ ಒಮ್ಮೆ ಹುಟ್ಟಿದರೆ ಅದನ್ನು ಅಳಿಸುವುದು ಕಷ್ಟ. ಕೊರಿಯರ್ ಖರ್ಚು ಎಷ್ಟು, ಮಿಡಿಗೆ ಎಷ್ಟು, ಹೊಳೆದಂಡೆಯ ಮರ ಹತ್ತಿ ಕೊಯ್ಯುವವರ ಕೂಲಿ ಎಷ್ಟು ಎಂದು ಮೊದಲ ಸಂದೇಶದಲ್ಲೇ ಬಿಡಿಸಿ ಬರೆದಿದ್ದರೆ ರಿಪ್ಪನ್‌ಪೇಟೆಯ ವಾದಕ್ಕೆ ಉತ್ತರವೂ ಅದರಲ್ಲೇ ಇರುತ್ತಿತ್ತು.

ಸಾರ್ವಜನಿಕ ಪ್ರತಿಕ್ರಿಯೆಯ ಬಗ್ಗೆ ಇನ್ನೊಂದು ಎಚ್ಚರಿಕೆ. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ಓದುವವರು, ಒಂಬತ್ತು ಜನ ಅಪರೂಪಕ್ಕೆ ಬರೆಯುವವರು, ಉಳಿದ ಒಬ್ಬರೇ ಬಹುಪಾಲು ಬರೆಯುವವರು ಎಂಬ ಸ್ಥೂಲ ಲೆಕ್ಕವನ್ನು ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 2006ರಲ್ಲಿ ಕೊಟ್ಟರು. ಎಲ್ಲ ಗುಂಪಿಗೂ ಅದೇ ಅಂಕಿ ಹೊಂದುವುದಿಲ್ಲ. ಆದರೆ ಹೊಗಳಿದ ಇಪ್ಪತ್ತು ಜನರನ್ನು ನೋಡಿ ಐವತ್ತು ಕೆಜಿ ಹಪ್ಪಳ ಮಾಡಿಟ್ಟು ಕೂರುವುದೂ, ತೆಗಳಿದ ಇಬ್ಬರನ್ನು ನೋಡಿ ಕೈಚೆಲ್ಲುವುದೂ ಎರಡೂ ತಪ್ಪೆಂದು ತಿಳಿಯಲು ಅಷ್ಟು ಸಾಕು. ಕೊಳ್ಳುವವರು ಬಹುತೇಕ ಮಾತನಾಡುವುದಿಲ್ಲ.

ಇನ್ನು ದಾಕ್ಷಿಣ್ಯ. ನನ್ನ ದೃಷ್ಟಿಯಲ್ಲಿ ಗುಂಪಿನೊಳಗಿನ ವ್ಯಾಪಾರದ ಅತಿ ದೊಡ್ಡ ತೊಡಕು ಇದೇ, ಮತ್ತು ಇದು ಯಶಸ್ಸಿನ ವೇಷದಲ್ಲಿ ಬರುವುದರಿಂದ ಬೇಗ ಕಾಣುವುದಿಲ್ಲ. ಸ್ನೇಹದ ಬಲದಿಂದ ಮಾರುವ ಪದ್ಧತಿ ಅಂತರ್ಜಾಲಕ್ಕಿಂತ ಹಳೆಯದು. ಟಪ್ಪರ್‌ವೇರ್ ಕಂಪನಿಯ ಪ್ಲಾಸ್ಟಿಕ್ ಡಬ್ಬಿಗಳು ಅಮೆರಿಕದ ಅಂಗಡಿಗಳಲ್ಲಿ ಸರಿಯಾಗಿ ಬಿಕರಿಯಾಗದೆ ಕೂತಿದ್ದಾಗ, ಬ್ರೌನಿ ವೈಸ್ ಎಂಬ ಮಹಿಳೆ ಮನೆಮನೆಯಲ್ಲಿ ಗೆಳತಿಯರನ್ನು ಸೇರಿಸಿ ಮಾರುವ ಕ್ರಮವನ್ನು ಬೆಳೆಸಿದರು. 1951ರ ಹೊತ್ತಿಗೆ ಕಂಪನಿ ಅಂಗಡಿಗಳಿಂದ ಸರಕನ್ನೇ ವಾಪಸ್ ತೆಗೆದುಕೊಂಡು ಪೂರ್ತಿ ಈ ದಾರಿ ಹಿಡಿಯಿತು. ದಶಕಗಳ ಕಾಲ ಅದು ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. ನಮ್ಮ ದೇಶದಲ್ಲಿ 2015ರಲ್ಲಿ ಆರಂಭವಾದ ಆನ್‌ಲೈನ್ ಮಾರಾಟದ ಕಂಪನಿ ಮೀಶೋ ಮೊದಮೊದಲು ಬೆಳೆದದ್ದೂ ಗೃಹಿಣಿಯರು ತಮ್ಮ ಪರಿಚಯದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೀರೆ, ಕುರ್ತಾಗಳ ಫೋಟೊ ಹಂಚಿ ಮಾರಿದ್ದರಿಂದ. ನಂತರ ಅದೂ ನೇರವಾಗಿ ಗಿರಾಕಿಗೇ ಮಾರುವ ಕಡೆ ಹೊರಳಿತು.

ಪರಿಚಯದವರು ಯಾಕೆ ಕೊಳ್ಳುತ್ತಾರೆ? ಸರಕು ಚೆನ್ನಾಗಿದೆಯೆಂದು ಇರಬಹುದು. ಅತ್ತಿಗೆ ಕೇಳಿದಾಗ ಬೇಡ ಎನ್ನುವುದು ಹೇಗೆ ಎಂದೂ ಇರಬಹುದು. ಉಪ್ಪಿನಕಾಯಿಯ ಮೊದಲ ಬಾಟಲಿ ಹೋದಾಗ ಇವೆರಡರಲ್ಲಿ ಯಾವುದು ನಿಜವೆಂದು ಮಾರಿದವರಿಗೆ ತಿಳಿಯುವುದೇ ಇಲ್ಲ. ಅಂಗಡಿಯ ಗಿರಾಕಿ ಉಪ್ಪು ಜಾಸ್ತಿಯಾಗಿದ್ದರೆ ಮುಖಕ್ಕೆ ಹೇಳಿ ಹೋಗುತ್ತಾನೆ. ಸಹಪಾಠಿಗಳ ಗುಂಪಿನ ಗಿರಾಕಿ "ಸೂಪರ್" ಎಂದು ಬರೆದು, ಬಾಟಲಿಯನ್ನು ಪಕ್ಕದ ಮನೆಗೆ ದಾಟಿಸಿ, ಮುಂದಿನ ಸಂದೇಶವನ್ನು ಕಂಡೂ ಕಾಣದಂತೆ ಇರುತ್ತಾನೆ. ಸಣ್ಣ ಉದ್ದಿಮೆ ಸುಧಾರಿಸಬೇಕಾದರೆ ನಿಷ್ಠುರದ ಮಾತು ಬೇಕು, ಗುಂಪು ಅದನ್ನೇ ತಡೆಹಿಡಿಯುತ್ತದೆ. ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಮೊದಲ ಬಾಟಲಿಗಳಿಗೂ ಎರಡನೆಯ ಬಾಟಲಿಗಳಿಗೂ ಬೇರೆ ಬೇರೆ ಅಂಕಣ ಇಡಿ ಎನ್ನುತ್ತೇನೆ. ನೀವು ಜ್ಞಾಪಿಸದೆ, ತಾವಾಗಿ ಫೋನ್ ಮಾಡಿ ಎರಡನೆಯ ಬಾಟಲಿ ಕೇಳಿದವರು ಎಷ್ಟು ಜನ? ನಿಮ್ಮ ವ್ಯಾಪಾರ ಇರುವುದು ಅಷ್ಟೇ. ಮಿಕ್ಕದ್ದು ಉಡುಗೊರೆಯ ಲೆಕ್ಕಕ್ಕೆ ಸೇರಿದ್ದು.

ಈ ದಾಕ್ಷಿಣ್ಯವನ್ನೇ ಬಂಡವಾಳ ಮಾಡಿಕೊಂಡ ಸರಪಳಿ ವ್ಯಾಪಾರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀವು ನಾಲ್ವರನ್ನು ಸೇರಿಸಿ, ಅವರು ಮತ್ತೆ ನಾಲ್ವರನ್ನು ಸೇರಿಸಲಿ ಎನ್ನುವ ಪಿರಮಿಡ್ ಯೋಜನೆಗಳನ್ನು 2021ರ ಡಿಸೆಂಬರ್‌ನ ನೇರ ಮಾರಾಟ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಹಾಗಿದ್ದೂ ನಮ್ಮ ಗುಂಪುಗಳಲ್ಲಿ ಅವು ಹೊಸ ಹೊಸ ಹೆಸರಿನಿಂದ ಬರುತ್ತಲೇ ಇವೆ. ಒಂದು ಗುಂಪಿನಲ್ಲಿ ಒಮ್ಮೆ ಇಂಥದು ನಡೆದರೆ, ಆಮೇಲೆ ಅಲ್ಲಿಗೆ ಪ್ರಾಮಾಣಿಕವಾಗಿ ಜೇನು ಮಾರಲು ಬಂದವರನ್ನೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ.

ವೇಷ ಮರೆಸಿಕೊಂಡ ಪ್ರಚಾರ ಇನ್ನೊಂದು ಬಗೆಯದು. 2006ರಲ್ಲಿ ಅಮೆರಿಕದಾದ್ಯಂತ ವಾಹನದಲ್ಲಿ ಸಂಚರಿಸುತ್ತ ವಾಲ್‌ಮಾರ್ಟ್ ಮಳಿಗೆಗಳ ನಿಲುಗಡೆಯಲ್ಲಿ ರಾತ್ರಿ ತಂಗುವ ಸಾಮಾನ್ಯ ಜೋಡಿಯೊಂದರ ಅನುಭವ ಎಂಬಂತೆ ಬರಹಗಳು ಬಂದವು. ಆ ಪ್ರವಾಸದ ಖರ್ಚನ್ನು ವಾಲ್‌ಮಾರ್ಟ್ ಪರ ಪ್ರಚಾರದ ಗುಂಪೇ ಭರಿಸಿತ್ತೆಂದು ಹೊರಬಿದ್ದಾಗ ಕಂಪನಿಗೂ ಅದರ ಪ್ರಚಾರ ಸಂಸ್ಥೆಗೂ ದೊಡ್ಡ ಮುಖಭಂಗವಾಯಿತು. ನಮ್ಮಲ್ಲಿ ಇದು ಸಣ್ಣ ಪ್ರಮಾಣದಲ್ಲಿ ದಿನವೂ ನಡೆಯುತ್ತದೆ. ತಮ್ಮನ ನಂಬರಿನಿಂದ "ಈ ಮಸಾಲೆ ಪುಡಿ ತರಿಸಿದ್ದೆ, ಅದ್ಭುತ" ಎಂದು ಬರೆಸುವುದು, ಬಿಟ್ಟಿಯಾಗಿ ಕೊಟ್ಟದ್ದನ್ನು ಮುಚ್ಚಿಟ್ಟು ಹೊಗಳಿಸುವುದು, ಇವನ್ನು ನಾವು ತಪ್ಪೆಂದೇ ಎಣಿಸುವುದಿಲ್ಲ. ಕಾನೂನು ಎಣಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ತಯಾರಕರಿಗೆ ಮಾತ್ರವಲ್ಲ, ಹೊಗಳಿ ಶಿಫಾರಸು ಮಾಡಿದವರಿಗೂ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳ ಪ್ರಕಾರ, ಹೊಗಳುವವರಿಗೂ ಮಾರುವವರಿಗೂ ನಡುವೆ ನೋಡುಗರು ಊಹಿಸಲಾಗದ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು. ಸಾಗರದ ಹಪ್ಪಳದವರ ಮೇಲೆ ದೆಹಲಿಯಿಂದ ನೋಟಿಸ್ ಬರುವುದೆಂದು ಹೆದರಿಸುತ್ತಿಲ್ಲ. ಆದರೆ ಆ ನಂಬರು ತಮ್ಮನದೆಂದು ಊರಿನ ಗುಂಪಿಗೆ ತಿಳಿಯಲು ದೆಹಲಿಯ ನೆರವು ಬೇಕಿಲ್ಲ.

ಈ ವಿಷಯದಲ್ಲಿ ನಾನು ಕಟುವಾಗುವುದು ಬೆಳೆಗಾರರ ಗುಂಪುಗಳ ವಿಚಾರದಲ್ಲಿ. ಅಡಿಕೆಯ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ, ಸಾಗರ, ಆಚೆ ಶೃಂಗೇರಿ, ಕೊಪ್ಪದ ತೋಟಗಳನ್ನು ಹಣ್ಣುಗಾಯಿ ಮಾಡಿದ ವರ್ಷಗಳಲ್ಲಿ, ಅಡಿಕೆ ಗುಂಪುಗಳು ರೈತರಿಗೆ ನಿಜವಾಗಿಯೂ ಆಸರೆಯಾದವು. ಯಾವ ಔಷಧಿ ಯಾವಾಗ ಹೊಡೆದರು, ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣದ ಜೊತೆ ಅಂಟು ಬೆರೆಸಿದರೆ ಮಳೆಗೆ ನಿಂತಿತೇ, ಉದ್ದ ಕೋಲಿನ ದೋಟಿಯಲ್ಲಿ ಸೋಗೆಯ ಅಡಿಭಾಗಕ್ಕೆ ತಲುಪಿಸಿದ್ದು ಹೇಗೆ, ಹೀಗೆ ಬೆಲೆ ಕಟ್ಟಲಾಗದ ಅನುಭವಗಳು ಅಲ್ಲಿ ಹರಿದವು. ಅದೇ ಹೊತ್ತಿಗೆ ಹದಿನೈದೇ ದಿನದಲ್ಲಿ ರೋಗ ಮಾಯ ಎನ್ನುವ, ಒಳಗೇನಿದೆಯೆಂದು ಬರೆಯದ ಡಬ್ಬಿಗಳೂ ಬಂದವು. ಮುಂಚೆ, ಆಮೇಲೆ ಎಂಬ ಎರಡು ಫೋಟೊಗಳ ಜೊತೆ. ಎರಡೂ ಒಂದೇ ತೋಟದವೇ, ಒಂದೇ ಋತುವಿನವೇ ಎಂದು ಯಾರೂ ಕೇಳಲಿಲ್ಲ. ಪೀಡೆನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಗಿಡದ ಬೆಳವಣಿಗೆಗೆ ಚುರುಕು ಕೊಡುವ ಜೈವಿಕ ಪ್ರಚೋದಕ ಎಂದು ಹೆಸರು ಬದಲಿಸಿಕೊಂಡ ದ್ರಾವಣಗಳೂ 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಹಪ್ಪಳ ಕೆಟ್ಟರೆ ಒಂದು ಹಪ್ಪಳ ಕೆಟ್ಟಿತು. ಕೆಲಸಕ್ಕೆ ಬಾರದ ದ್ರಾವಣ ನಂಬಿ ಮಳೆಗಾಲದ ಮೊದಲ ಸಿಂಪಡಣೆ ತಪ್ಪಿಸಿಕೊಂಡ ರೈತನಿಗೆ ಆ ವರ್ಷದ ಫಸಲೇ ಹೋಗುತ್ತದೆ. ಇಂಥ ಸಂದೇಶಕ್ಕೆ ಪರವಾನಗಿ ಸಂಖ್ಯೆ ಕೇಳದ ಅಡ್ಮಿನ್ ಮೇಲೂ ಒಂದಷ್ಟು ಹೊಣೆ ಬೀಳುತ್ತದೆಂದೇ ನನ್ನ ಅಭಿಪ್ರಾಯ.

ನೆಲ ನಮ್ಮದಲ್ಲ ಎಂಬ ತೊಡಕನ್ನು ಬೇಗ ಹೇಳಿ ಮುಗಿಸುತ್ತೇನೆ. ಗುಂಪು ನಡೆಯುವ ಆ್ಯಪಿನ ನಿಯಮ ಬದಲಾಗುವುದು ನಮ್ಮನ್ನು ಕೇಳಿ ಅಲ್ಲ. ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದಿತು. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದು ಒಳ್ಳೆಯ ನಿಯಮವೆಂದೇ ನಾನು ಹೇಳುತ್ತೇನೆ. ಫೇಸ್‌ಬುಕ್ 2018ರ ಜನವರಿಯಲ್ಲಿ ಬಂಧುಮಿತ್ರರ ಬರಹಗಳಿಗೆ ಆದ್ಯತೆ ಕೊಟ್ಟು ವ್ಯಾಪಾರಿ ಪುಟಗಳನ್ನು ಹಿಂದೆ ತಳ್ಳಿದಾಗ, ಅವುಗಳನ್ನೇ ನೆಚ್ಚಿಕೊಂಡಿದ್ದವರ ಓದುಗರ ಸಂಖ್ಯೆ ಇಳಿದುಹೋಯಿತು. ಗಿರಾಕಿಗಳ ಹೆಸರು, ಊರು, ನಂಬರುಗಳನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಡಿ.

ಇದ್ದಕ್ಕಿದ್ದಂತೆ ಬರುವ ಯಶಸ್ಸೂ ಒಂದು ಸಂಕಟ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ (ಜಿಐ), ಅಂದರೆ ಇಂಥ ಸೀಮೆಯದೇ ವಿಶೇಷ ಎಂಬ ಮಾನ್ಯತೆ ಇದೆ, ಹೆಸರಿದೆ. ಆದರೆ ಮರ ಇರುವಷ್ಟೇ ಇದೆ, ಕೊಯ್ಲು ಬೇಸಿಗೆಯ ಕೆಲವೇ ವಾರ. ಒಂದು ಸಂದೇಶ ಹೇಗೋ ಹಬ್ಬಿ, ನಲವತ್ತು ಬಾಟಲಿ ಇರುವಲ್ಲಿ ನಾನೂರು ಜನ ಕೇಳಿದರೆ, ಮುಂಗಡ ಹಣವೂ ಬಂದು ಕೂತರೆ, ಬೇರೆ ಕಡೆಯ ಸಾಧಾರಣ ಮಿಡಿ ತಂದು ತುಂಬಿಸುವ ಆಸೆ ಎಂಥವರಿಗೂ ಬರುತ್ತದೆ. ಬಾಟಲಿಯೊಂದಿಗೆ ಬರುವ ತೊಡಕುಗಳೂ ಕಡಿಮೆಯಲ್ಲ. ಉಪ್ಪುನೀರಿನ ಉಪ್ಪಿನಕಾಯಿ ಕೊರಿಯರಿನಲ್ಲಿ ಅಡಿಮೇಲಾಗಿ ಮುಚ್ಚಳದ ಸುತ್ತ ಜಿನುಗುತ್ತದೆ. ಗಾಜು ಒಡೆಯುತ್ತದೆ, ಪ್ಲಾಸ್ಟಿಕ್ ಪೊಟ್ಟಣ ಉಬ್ಬುತ್ತದೆ. ಕೆಜಿ ಲೆಕ್ಕದಲ್ಲಿ ಕೊಂಡ ಮಲೆನಾಡಿನ ಗಿರಾಕಿ ಬಾಟಲಿ ಬಗ್ಗಿಸಿ ಮಿಡಿಗಳನ್ನು ಎಣಿಸುತ್ತಾನೆ, ಏಕೆಂದರೆ ಅವನ ಮನೆಯಲ್ಲಿ ಮಿಡಿ ಕೊಳ್ಳುತ್ತಿದ್ದುದು ನೂರರ ಲೆಕ್ಕದಲ್ಲಿ. "ಮಿಡಿಗಿಂತ ರಸವೇ ಜಾಸ್ತಿ" ಎಂದು ಅವನು ಗುಂಪಿನಲ್ಲಿ ಬರೆದರೆ ಅದಕ್ಕೆ ಉತ್ತರ ಕಷ್ಟ. ಬಾಟಲಿಯ ಮೇಲೆ ಇಷ್ಟು ಮಿಡಿ ಎಂದು ಬರೆದುಬಿಟ್ಟರೆ ಆ ಜಗಳ ಹುಟ್ಟುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ತಯಾರಿಸಿದ ತಿಂಗಳು, ನಿವ್ವಳ ತೂಕ, ವಿಳಾಸ ಇವನ್ನೂ ಚೀಟಿಯಲ್ಲಿ ಹಾಕಿ. ಗೊತ್ತಿರುವವರಿಗೇ ಮಾರುತ್ತಿದ್ದೇವೆ ಎಂಬುದು ಕಾನೂನಿನಲ್ಲಿ ವಿನಾಯಿತಿಯಲ್ಲ.

ಹಾಗಾದರೆ ಗುಂಪಿನೊಳಗೆ ಮಾರುವುದೇ ಬೇಡವೇ? ಮಾರಿ ಗೆದ್ದವರಿದ್ದಾರೆ. ಚೀನಾದ ಶಓಮಿ ಕಂಪನಿ ಫೋನ್ ಮಾಡುವ ಮೊದಲು, 2010ರಲ್ಲಿ, ಒಂದು ತಂತ್ರಾಂಶವನ್ನು ನೂರು ಜನ ಸ್ವಯಂಸೇವಕ ಬಳಕೆದಾರರ ಕೈಗೆ ಕೊಟ್ಟು, ಅವರು ಹೇಳಿದ ದೋಷಗಳನ್ನು ವಾರವಾರವೂ ತಿದ್ದುತ್ತ ಹೋಯಿತು. ಫೋನ್ ಬಂದದ್ದು ಮರುವರ್ಷ. ಅಷ್ಟು ಹೊತ್ತಿಗೆ ಆ ಗುಂಪಿಗೆ ಇದು ತಾವು ತಿದ್ದಿದ ವಸ್ತು ಎಂಬ ಅಭಿಮಾನ ಇತ್ತು. ನಮ್ಮ ಅಳತೆಗೆ ಇದನ್ನು ತಂದರೆ ಹೀಗಾಗುತ್ತದೆ: ಮಾರುವ ಮೊದಲು ಹತ್ತು ಮನೆಗೆ ಮೂರು ಬಗೆಯ ಖಾರದ ಉಪ್ಪಿನಕಾಯಿ ಕೊಟ್ಟು, ಯಾವುದು ಸರಿಯಿಲ್ಲ ಎಂದು ಕೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಆ ಪ್ರಶ್ನೆಗೆ ನಮ್ಮವರು ಇಲ್ಲ ಎನ್ನುವುದಿಲ್ಲ.

ಎರಡನೆಯ ಪಾಠ ನಮ್ಮ ಜಿಲ್ಲೆಯಲ್ಲೇ ಇದೆ. ಅಡಿಕೆ ಬೆಳೆಗಾರ ಮಂಡಿಗೆ ಮೂಟೆ ತಂದಾಗ ತನ್ನ ಅಡಿಕೆಯನ್ನು ತಾನೇ ಹೊಗಳಿಕೊಂಡು ಕೂರುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವರ್ಗಗಳಿವೆ. ಅಡಿಕೆಯನ್ನು ಸುರಿದು ತೆರೆದಿಟ್ಟಿರುತ್ತಾರೆ, ಕೊಳ್ಳುವವರು ಕೈಯಾರೆ ನೋಡಿ ಟೆಂಡರ್ ಬರೆಯುತ್ತಾರೆ, ತೂಕ ಮತ್ತು ಹಣದ ಹೊಣೆ ನಡುವಿನ ಸಂಸ್ಥೆಯದು. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್ಕೋಸ್, ಅದಕ್ಕೂ ಮೊದಲು 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ಟಿಎಸ್‌ಎಸ್, ಬೆಳೆಗಾರರ ಈ ಎರಡು ಸಹಕಾರ ಸಂಘಗಳು ಇಂಥ ನಡುವಿನ ನಂಬಿಕೆಯನ್ನು ಕಟ್ಟಿದವು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊರತೆಯಿರುವುದು ಇದೇ: ಮಾರುವವರೂ ಹೊಗಳುವವರೂ ಒಬ್ಬರೇ, ದೂರು ಕೇಳುವವರು ಯಾರೂ ಇಲ್ಲ. ಸ್ವಸಹಾಯ ಸಂಘಗಳ ಒಕ್ಕೂಟಗಳು ಈ ಜಾಗ ತುಂಬಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹದಿನೈದು ಮಹಿಳೆಯರು ಹದಿನೈದು ಫೋಟೊ ಹಾಕುವ ಬದಲು, ಒಕ್ಕೂಟದವರು ರುಚಿ ನೋಡಿ, ತೂಕ ನೋಡಿ, ತಿಂಗಳಿಗೊಮ್ಮೆ ಒಂದೇ ಪಟ್ಟಿಯನ್ನು ಹಾಕಲಿ. ಬೆಲೆ ಪಟ್ಟಿಯಲ್ಲೇ ಇರಲಿ. ಕೆಟ್ಟು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕೆಂದೂ ಇರಲಿ. ಆ ತಿಂಗಳು ಜೇನು ಇಲ್ಲದಿದ್ದರೆ ಜೇನು ಇಲ್ಲ ಎಂದೇ ಬರೆಯಲಿ. ಇದರಿಂದ ಒಬ್ಬೊಬ್ಬರ ಹೆಸರು ಮುಂದೆ ಬರುವುದಿಲ್ಲ ಎಂಬ ಆಕ್ಷೇಪ ಇದೆ, ಅದು ಸುಳ್ಳಲ್ಲ. ಚೆನ್ನಾಗಿ ಮಾಡುವವರಿಗೆ ಸ್ವಲ್ಪ ಅನ್ಯಾಯವೂ ಆಗುತ್ತದೆ. ಪಟ್ಟಿಯಲ್ಲಿ ತಯಾರಿಸಿದವರ ಹೆಸರು ಹಾಕಿ ಅದನ್ನು ಒಂದಿಷ್ಟು ಸರಿಪಡಿಸಬಹುದು.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

ಸ್ವಸಹಾಯ ಸಂಘದ ಸದಸ್ಯೆಯೊಬ್ಬರು, "ಬೇರೆಯವರ ಗುಂಪಿನ ರಗಳೆ ಬೇಡ ಅಂತ ನಮ್ಮದೇ ಒಂದು ಗಿರಾಕಿಗಳ ಗುಂಪು ಮಾಡಿದ್ವಿ ಸರ್. ಎಲ್ಲರನ್ನೂ ಸೇರಿಸಿದ್ವಿ, ಒಂದು ವಾರದಲ್ಲಿ ಅರ್ಧ ಜನ ಬಿಟ್ಟು ಹೋದರು. ಯಾಕೆ?" ಎಂದು ಕೇಳಿದರು. ಸೇರಿಸಿದ್ದರಿಂದಲೇ ಹೋದರು ಎಂದು ನಾನು ಉತ್ತರಿಸಿದೆ. ಕೇಳದೆ ಸೇರಿಸಿದವರು ಹೋಗುವುದು ಸಹಜ. ಬಾಟಲಿಯ ಜೊತೆ ಒಂದು ಚೀಟಿ ಇಟ್ಟು, ಮುಂದಿನ ಹಂಗಾಮಿನ ಸುದ್ದಿ ಬೇಕಾದವರು ಈ ನಂಬರಿಗೆ ಒಂದು ಸಂದೇಶ ಕಳಿಸಿ ಎಂದು ಬರೆದರೆ, ಮೂವತ್ತು ಜನ ಕಳಿಸಿಯಾರು. ಆ ಮೂವತ್ತು ಜನ ಎರಡನೆಯ ಬಾಟಲಿಯ ಗಿರಾಕಿಗಳು. ಆ ಅರ್ಧ ಜನ ಬಿಟ್ಟು ಹೋದದ್ದರಿಂದ ನಿಮಗೆ ನಷ್ಟವೇನೂ ಆಗಿಲ್ಲ.

ತೀರ್ಥಹಳ್ಳಿ ಕಡೆಯ ಹಿರಿಯ ಬೆಳೆಗಾರರೊಬ್ಬರ ಪ್ರಶ್ನೆ ಹೆಚ್ಚು ಕಷ್ಟದ್ದು: "ನಾನು ಗುಂಪಿನ ಅಡ್ಮಿನ್. ನನ್ನ ಹೆಂಡತಿಯ ತಮ್ಮನೇ ಅದರಲ್ಲಿ ಲೇಬಲ್ ಇಲ್ಲದ ಔಷಧಿ ಮಾರ್ತಾನೆ. ಏನು ಮಾಡಲಿ?" ಸಭೆಯಲ್ಲಿ ನಗು ಎದ್ದಿತು, ಅವರು ನಗಲಿಲ್ಲ. ಪರವಾನಗಿ ಸಂಖ್ಯೆ ಮತ್ತು ಒಳಗಿನ ಅಂಶಗಳ ಪಟ್ಟಿ ಇಲ್ಲದೆ ಯಾವ ಸಿಂಪಡಣೆಯ ವಸ್ತುವನ್ನೂ ಇಲ್ಲಿ ಹಾಕಬಾರದು ಎಂಬ ನಿಯಮವನ್ನು ಇವತ್ತೇ ಗುಂಪಿನ ವಿವರಣೆಯಲ್ಲಿ ಬರೆಯಿರಿ, ಯಾರ ಹೆಸರನ್ನೂ ಎತ್ತಬೇಡಿ ಎಂದೆ. ಅಡ್ಮಿನ್ ಆದವರು ಬೇರೆಯವರ ಸಂದೇಶವನ್ನೂ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ 2022ರಿಂದ ವಾಟ್ಸ್‌ಆ್ಯಪ್‌ನಲ್ಲಿದೆ. ನಿಯಮ ಬರೆದು ಎರಡು ದಿನ ಬಿಟ್ಟು, ಮೊದಲು ಭಾವಮೈದನಿಗೆ ಫೋನ್ ಮಾಡಿ ವಿಷಯ ತಿಳಿಸಿ, ಆಮೇಲೆ ಅಳಿಸಿ. ಅವನಲ್ಲಿ ಪರವಾನಗಿ ಇದ್ದರೆ ಸಂಖ್ಯೆ ಹಾಕಿ ಮತ್ತೆ ಬರೆಯಲಿ. ಇಲ್ಲದಿದ್ದರೆ ಅವನು ಸ್ವಲ್ಪ ದಿನ ನಿಮ್ಮ ಮನೆಗೆ ಬರಲಿಕ್ಕಿಲ್ಲ.